ಬಾಗಿಲಿಗೆ ಬೇವಿನ ಸೊಪ್ಪು

೯ ಜೂನ್ ೨೦೧೪, ಗಂಗಾವತಿ

ಮತ್ತೆ ಲೂಸ್ ಮೋಷನ್. ಎರಡನೇ ಕೀಮೋ ಆದಾಗಿನಿಂದ ಹೊಟ್ಟೆ ನನ್ನ ಮಾತು ಕೇಳುತ್ತಿಲ್ಲ. ಡಾಕ್ಟರು ಹೇಳಿದ್ದು ಮೆತ್ತಗಿನ ಅನ್ನ, ಬಾಳೆಹಣ್ಣು, ಓಆರ್‌ಎಸ್. ಹಾಲು, ತುಪ್ಪ, ಖಾರ ಬಂದ್. ಹೊಟ್ಟೆ ನಿಲ್ಲದಿದ್ದರೆ ಮೂರನೇ ಸೂಜಿ ಮುಂದಕ್ಕೆ. ಮುಂದಕ್ಕೆ ಹೋದರೆ ಗಡ್ಡೆ ಕಾಯುತ್ತದೆಯೇ? ನೋಡಲು ಬರುವವರಿಗೆ ಯಾರು ಹೇಳಬೇಕು ಇದನ್ನು...

ಇವತ್ತು ಅತ್ತೆಯ ತಂಗಿ ಹುಲಗೆಮ್ಮ. ಕನಕಗಿರಿಯಿಂದ ಶೇಂಗಾ ಹೋಳಿಗೆ, ಮೇಲೆ ತುಪ್ಪ. ನನ್ನ ಬಾಯಿಗೆ ಒಂದು ತುತ್ತು ಹೋಗುವ ತನಕ ಏಳಲಿಲ್ಲ. ತಂದದ್ದನ್ನು ಮುಟ್ಟದಿದ್ದರೆ ಅವಮಾನವಂತೆ. ತಿಂದೆ. ಅವರು ಓಣಿ ದಾಟುವ ಮೊದಲೇ ನಾನು ಸಂಡಾಸದಲ್ಲಿ.

೧೩ ಜೂನ್, ಶುಕ್ರವಾರ

ತೂಕ ಇನ್ನೂ ಇಳಿದಿದೆ. ಅತ್ತೆಯ ಮೇಲೆ ಹರಿಹಾಯ್ದೆ — ಎಲ್ಲರನ್ನೂ ಒಳಗೆ ಕರೆದು ಚಹಾ ಕೊಡುವವರು ಅವರೇ. ಸಂಜೆ ನೋಡಿದರೆ ಬಾಗಿಲಿಗೆ ಬೇವಿನ ಸೊಪ್ಪು! ಮನೆಗೆ ಅಮ್ಮ ಬಂದಿದ್ದಾಳೆ, ಮಗಳು ದೀಪಿಕಾಳ ಮೈತುಂಬ ಗುಳ್ಳೆ ಎಂದು ಅತ್ತೆ ಓಣಿಗೆಲ್ಲ ಸಾರಿ ಬಂದಿದ್ದಾರೆ. ಮಗಳು ಆರಾಮಾಗಿ ಟಿವಿ ನೋಡುತ್ತಿದ್ದಾಳೆ, ಸಾಲಿಗೆ ಹೋಗುವುದು ತಪ್ಪಿತೆಂದು ಖುಷಿ. ಪ್ರತಿ ಶುಕ್ರವಾರ ದೇವಿಗೆ ಉಪವಾಸ ಇರುವ ಹೆಂಗಸು, ದೇವಿಯ ಹೆಸರಲ್ಲೇ ಸುಳ್ಳು. ತಲೆ ಚಚ್ಚಿಕೊಳ್ಳಬೇಕು.

೨೦ ಜೂನ್

ನರಪಿಳ್ಳೆಯೂ ಬಂದಿಲ್ಲ. ಗಂಜಿ, ಗಂಜಿ, ಗಂಜಿ. ಆದರೆ ಹೊಟ್ಟೆ ನಿಂತಿದೆ.

೨೩ ಜೂನ್, ಆಸ್ಪತ್ರೆಯಿಂದ ಬಂದು

ತಮ್ಮ ಯಂಕೇಶ ಸಿದ್ದಾಪುರದಿಂದ ಕಾರು ತಂದ. ಸೊಪ್ಪು ನೋಡಿ ಹೊಸ್ತಿಲು ತುಳಿಯಲಿಲ್ಲ. ಅವನ ಬಾಯಿಗೆ ಬೀಗ ಇಲ್ಲವೆಂದು ಅತ್ತೆ ನಿಜ ಹೇಳಲು ಬಿಡಲಿಲ್ಲ. ಆಸ್ಪತ್ರೆಯಲ್ಲಿ ತೂಕ ಸರಿ, ರಕ್ತ ಸರಿ. ಅಷ್ಟರಲ್ಲಿ ಪುಣ್ಯಾತ್ಮ ಡಾಕ್ಟರ ಮುಂದೆ ಬಾಯಿ ಬಿಟ್ಟ — ಮನೆಯಲ್ಲಿ ಅಮ್ಮ ಎದ್ದಿದ್ದಾಳೆ, ಮಗಳಿಗೆ ಗುಳ್ಳೆ ಅಂತ. ಹಾಗಾದರೆ ಸೂಜಿ ಬೇಡ, ಸೋಂಕು ತಗುಲಿದರೆ ಜೀವಕ್ಕೇ ಅಪಾಯ ಅಂದರು. ಸುಳ್ಳು ಸರ್ ಅಂದೆ. ನಂಬಲಿಲ್ಲ. ಸೂಜಿ ಬೇಕೆಂದು ಪೇಶಂಟುಗಳು ಏನಾದರೂ ಹೇಳುತ್ತಾರಂತೆ. ಅಳು ಬಂತು.

ಜೊತೆಗೆ ಬಂದಿದ್ದ ಅತ್ತೆ ಎದ್ದು ನಿಂತರು.

"ಸುಳ್ಳ ಹೇಳಿದಾಕಿ ನಾನ್ರಿ ಸಾಹೇಬ್ರ. ಅಮ್ಮ ನಮ್ಮ ಮನಿಗೆ ಬಂದಿಲ್ಲ. ಆಕಿ ಸಿಟ್ಟು ನನ್ನ ಮ್ಯಾಲ ಇರ್ಲಿ. ಸೊಸಿಗೆ ಸೂಜಿ ಹಾಕ್ರಿ."

ಹಾಕಿದರು.

೨೭ ಜೂನ್

ವಾಂತಿ. ಹೊಟ್ಟೆಯೂ ಶುರು. ಯಂಕೇಶನ ದಯೆಯಿಂದ ಅತ್ತೆಯ ಸುಳ್ಳು ಊರಿಗೆಲ್ಲ ಗೊತ್ತು. ಹುಲಗೆಮ್ಮ ಮತ್ತೆ ಹಾಜರ್, ಮತ್ತೆ ಹೋಳಿಗೆ. ತಿನ್ನದೆ ಏಳುವುದಿಲ್ಲ ಎಂದು ಕೂತಿದ್ದಾರೆ. ಅತ್ತೆ ಡಬ್ಬಿ ಕಸಿದುಕೊಂಡರು.

"ಕೊಡಬೇ ಇಲ್ಲೆ. ಆಕಿ ಪಾಲಿಂದು ನಾ ತಿಂತೀನಿ."

ಗಬಗಬ ತಿನ್ನುತ್ತಿದ್ದಾರೆ. ಇವತ್ತು ಶುಕ್ರವಾರ. ಅತ್ತೀ, ನಿಮ್ಮ ಉಪವಾಸ—