ಹಗ್ಗದಮ್ಮನ ಕಲ್ಲಿಗೆ ಹಚ್ಚಿದ ಬಣ್ಣ

ಪುರಾತನ ಗುಡಿಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ರಸ್ತೆ ಅಗಲ ಮಾಡಲು ನಮ್ಮೂರ ಹಗ್ಗದಮ್ಮನ ಗುಡಿಯನ್ನು ಬರುವ ಸೋಮವಾರ ಕೆಡವುತ್ತಾರೆ. 'ಸ್ಥಳದಲ್ಲಿ ಯಾವ ಶಾಸನವೂ ಕಂಡುಬಂದಿಲ್ಲ, ಕಟ್ಟಡ ಇತ್ತೀಚಿನದು' ಎಂದು ತಮ್ಮ ಕಚೇರಿ ಬರೆದುಕೊಟ್ಟ ಒಂದೂವರೆ ಸಾಲೇ ಅದಕ್ಕೆ ಆಧಾರ. ಎಂಟುನೂರು ವರ್ಷದ ಗುಡಿಗೆ ಒಂದೂವರೆ ಸಾಲು! ಇದಕ್ಕಿಂತ ಚುರುಕಿನ ಆಡಳಿತ ಬೇಕೆ?

ಗೋಗಿಯಿಂದ ಶಹಾಪುರಕ್ಕೆ ಆಟೋದಲ್ಲಿ ಓಡಾಡುವ ಯಾರನ್ನಾದರೂ ಕೇಳಿ, ಹಗ್ಗದಮ್ಮ ಯಾರೆಂದು ಹೇಳುತ್ತಾರೆ. ಊರ ಬಾವಿಯ ಹಗ್ಗ ಒಂದು ಕೇರಿಯವರ ಕೈಗೆ ಸಿಗದಿದ್ದ ಕಾಲದಲ್ಲಿ, ತಾನೇ ನಾರು ಹೊಸೆದು ಹಗ್ಗ ಮಾಡಿ ಬಾವಿಕಟ್ಟೆಯ ಮೇಲೆ ಎಲ್ಲರಿಗಾಗಿ ಇಟ್ಟು ಬಂದ ಶರಣೆ. ಅವಳ ಗುಡಿಗೆ ಪೂಜಾರಿ ಇಲ್ಲ, ಹೊಸ್ತಿಲಲ್ಲಿ ತಡೆಯುವವರೂ ಇಲ್ಲ. ಒಳಗಿನ ಕಲ್ಲಿನ ಮೇಲೆ ಹನ್ನೊಂದು ಸಾಲು ಹಳೆಯ ಬರಹವಿದೆ. ವರ್ಷಕ್ಕೊಮ್ಮೆ ಆ ಕಲ್ಲನ್ನು ತೊಳೆದು ತೆಳುವಾಗಿ ಸುಣ್ಣ ಬಳಿಯುವುದು ನಮ್ಮೂರ ಕರೆಮ್ಮನ ಮನೆತನದ ಸೇವೆ. ಚಿಕ್ಕವಳಿದ್ದಾಗ ನಾನು ಆ ಗೆರೆಗಳಲ್ಲಿ ಬೆರಳಾಡಿಸಿದ್ದೇನೆ. 'ನೀರು' ಎಂಬ ಒಂದು ಪದ ಮಾತ್ರ ಓದಲು ಬರುತ್ತಿತ್ತು.

ಆ ಬರಹವನ್ನು ಬಂದು ನೋಡಿ ಎಂದು ಮೂರು ವರ್ಷ ಅರ್ಜಿ ಹಾಕಿದ ಮೇಲೆ ನಿಮ್ಮವರು ಬರುವ ದಿನ ಗೊತ್ತಾಯಿತು. ಕರೆಮ್ಮನ ಸಂಭ್ರಮ ಹೇಳತೀರದು. "ಸಾಹೇಬ್ರು ಬರಾಕತ್ಯಾರ, ಈ ಸಲ ಸುಣ್ಣ ಬ್ಯಾಡ್ರಿ ಅಕ್ಕೋರ. ಚೊಲೊ ಪೇಂಟ್ ಹಚ್ಚೂಣ್ರಿ" ಎಂದಳು. ಎರಡು ಸಲ ದಪ್ಪಗೆ ಹಚ್ಚಿದಳು. ಅಕ್ಷರದ ಕುಳಿಗಳೆಲ್ಲ ತುಂಬಿ ಕಲ್ಲು ಕನ್ನಡಿಯಂತೆ ನುಣುಪಾಯಿತು. ನಿಮ್ಮವರು ನಾಲ್ಕು ನಿಮಿಷ ನಿಂತು, ಚಹಾ ಕುಡಿದು ಹೊರಟರು. "ಬಣ್ಣದ ಕೆಳಗ ಅಕ್ಷರ ಅದಾವ್ರಿ" ಎನ್ನುತ್ತ ನಾನು ಕಾರಿನ ಹಿಂದೆ ಓಡಿದೆ. "ಕಾಣದ್ದು ಹೆಂಗ ಬರೀಲ್ರಿ?" ಎಂದರು. ನಿಜ ಸ್ವಾಮಿ, ಕಾಣುವುದನ್ನಾದರೂ ತಾವು ಬರೆದದ್ದುಂಟೆ? ಇನ್ನೊಮ್ಮೆ ಬಂದು ನೋಡಿ ಎಂದು ಕೊಟ್ಟ ಅರ್ಜಿಗೆ ಉತ್ತರವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಪೂಜಾರಿಯೇ ಇಲ್ಲದ ನಮ್ಮ ಗುಡಿಗೆ ಆ ಕೊರತೆಯನ್ನು ತಾವು ನೀಗಿಸಿದಿರಿ.

ನಾವೇ ಕೆರೆಯಲು ಹೋದರೆ ಬಣ್ಣದ ಜೊತೆ ಅಕ್ಷರವೂ ಎದ್ದುಬರುತ್ತದೆ. "ಹಗ್ಗದವ್ವನ ಬಾಯಿ ನಾನೇ ಮುಚ್ಚಿದ್ನೇನ್ರಿ ಅಕ್ಕೋರ?" ಎಂದು ಕರೆಮ್ಮ ದಿನಾ ಕೇಳುತ್ತಾಳೆ. ಅವಳ ಮುಖ ನೋಡಲು ನನಗಾಗುತ್ತಿಲ್ಲ.

ಗುಡಿ ಉಳಿಸಿ ಎಂದು ಕೇಳುವ ಆಸೆ ನನ್ನಲ್ಲಿ ಸತ್ತಿದೆ. ಯಂತ್ರ ಬರುವ ಮೊದಲು, ಬಣ್ಣ ತೆಗೆಯಬಲ್ಲ, ಹಳೆಯ ಲಿಪಿ ಓದಬಲ್ಲ ಒಬ್ಬರನ್ನು ಕಳಿಸಿ. ಆ ಹನ್ನೊಂದು ಸಾಲನ್ನು ಕರೆಮ್ಮನ ಎದುರು ಒಮ್ಮೆ ಗಟ್ಟಿಯಾಗಿ ಓದಲಿ. ಆಮೇಲೆ ಕೆಡವಿ.

ಇಂತಿ,
ಶಹಾಪುರದ ಅಂಗಡಿಯಿಂದ ಆ ಬಣ್ಣದ ಡಬ್ಬಿ ತಂದುಕೊಟ್ಟ,
ಸುಮಂಗಲಾ, ನಿವೃತ್ತ ಶಿಕ್ಷಕಿ