ಇದ್ದಿಲು ಮಾತ್ರೆ ಕಸದಬುಟ್ಟಿಯಲ್ಲಿದೆ

ರೀ,

ಗ್ಯಾಸಿಗೆ ಅಂತ ದಿಂಬಿನ ಕೆಳಗೆ ಬಚ್ಚಿಟ್ಟಿದ್ದ ಇದ್ದಿಲು ಮಾತ್ರೆಗಳನ್ನ ಎಸೆದಿದೀನಿ, ಹುಡುಕಬೇಡಿ.

ಔಷಧಿ ಅಂಗಡಿಯವರನ್ನ ಕೇಳಿದೆ. ಇದ್ದಿಲಿಗೆ ಗ್ಯಾಸ್ ಯಾವುದು, ಫಿಟ್ಸ್ ಮಾತ್ರೆ ಯಾವುದು ಅಂತ ಗೊತ್ತಾಗಲ್ಲವಂತೆ, ಹೊಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಹೀರಿಬಿಡುತ್ತಂತೆ. ನೀವೋ, ಎರಡನ್ನೂ ಒಂದೇ ಗುಟುಕಿಗೆ ನುಂಗಿದ್ದೀರಿ! ಮೊನ್ನೆ ಗಿರಾಕಿಯ ಅರ್ಧ ಗಡ್ಡ ಹೆರೆದು, ಫಿಟ್ಸ್ ಬಂದು ಕತ್ತಿ ಸಮೇತ ಅವನ ಮೇಲೇ ಬಿದ್ದಿದ್ದು ಅದಕ್ಕೇ. ಕಿವಿ ಉಳಿದಿದ್ದು ಅವನ ಪುಣ್ಯ.

ಫಿಟ್ಸ್ ಮಾತ್ರೆ ಕನ್ನಡಿ ಹತ್ತಿರ ಇದೆ, ಬರೀ ನೀರಿನ ಜೊತೆ ತಗೊಳ್ಳಿ. ಡಾಕ್ಟರಿಗೂ ಇದ್ದಿಲಿನ ವಿಷಯ ಬಾಯಿಬಿಟ್ಟು ಹೇಳಿ.

ಹಾಸಿಗೆಯಲ್ಲಿ ಹೂಸು ಬಿಡ್ತೀರಿ ಅಂತ ನಿಮ್ಮ ಅಕ್ಕನ ಮುಂದೆ ಆಡಿಕೊಂಡಿದ್ದು ನನ್ನ ತಪ್ಪು. ಬಿಡ್ರೀ, ಧಾರಾಳವಾಗಿ ಬಿಡಿ. ಆ ಸದ್ದು ಕೇಳಿದ್ರೆ ನೀವು ಪಕ್ಕದಲ್ಲೇ ಇದ್ದೀರಿ ಅಂತ ಧೈರ್ಯ ಇರುತ್ತೆ.