ಬಟ್ಯನ ಜೀಪಿನ ಅಡಿಯಲ್ಲಿ ಎರಡು ಹೆಸರು

ವರ್ಕಾಡಿ
೨೨ ಸೆಪ್ಟೆಂಬರ್ ೨೦೧೯

ಪ್ರೀತಿಯ ಶಮೀನಾ,

ಕಾಲುಗಂಟಿನ ನೋವೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಹದಿನಾಲ್ಕು ತಿಂಗಳಿನಿಂದ ನಿನ್ನ ಹತ್ತಿರ ಒಂದು ಮಾತು ಆಡಲಿಲ್ಲ ಎಂಬುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮುಳ್ಳೇರಿಯವೇನು ದೇಶಾಂತರವೇ? ಎರಡು ಬಸ್ಸಿನ ದಾರಿ. ಹಬ್ಬಕ್ಕೆ ನಿನ್ನ ಉಮ್ಮ ಕೈಜಮ್ಮ ಹಲ್ವ ಕಳಿಸಿದ್ದರು. ತಿಂದು ಡಬ್ಬಿ ತೊಳೆದಿಟ್ಟೆ, ವಾಪಸು ಕೊಡಲಿಕ್ಕೂ ಬರಲಿಲ್ಲ. ಫೋನು ಯಾಕೆ ಮಾಡಲಿಲ್ಲ ಎಂದರೆ, ನಿನ್ನ ಧ್ವನಿ ಕೇಳಿದರೆ ನನಗೆ ನಗು ಬರುತ್ತದೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ.

ಸುದ್ದಿ ಏನೆಂದರೆ, ಮೊನ್ನೆ ಶುಕ್ರವಾರ ಕಾಸರಗೋಡಿಗೆ ಹೋಗಿ ನಮ್ಮ 'ಬಟ್ಯನ ಜೀಪು' ಸಿನಿಮಾ ನೋಡಿ ಬಂದೆ. ನೀನು ನೋಡುವುದಿಲ್ಲ ಎಂದು ಹಟ ಹಿಡಿದಿದ್ದೀಯಂತೆ, ನಿನ್ನ ತಂಗಿ ಸಫ್ನಾ ಹೇಳಿದಳು. ನೋಡು ಶಮೀನಾ. ಯಾಕೆ ನೋಡಬೇಕು ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಗೊತ್ತಿದ್ದದ್ದನ್ನೇ ಬರೆಯುತ್ತಾಳೆ ಎಂದು ಬೈಯಬೇಡ. ಮೊದಲಿನಿಂದ ಹೊರಡದಿದ್ದರೆ ನಾನು ಕೊನೆ ಮುಟ್ಟುವುದಿಲ್ಲ.

ನೆನಪುಂಟಲ್ಲ, ನನ್ನ ಅಮ್ಮ ದೇವಕಿಯ ಬೀಡಿ ಎಲೆ ಕತ್ತರಿಸುವ ಕತ್ತರಿ, ಊರಿನವರೆಲ್ಲ ಕೊಟ್ಟ ಹಳೇ ಮದುವೆ ಕಾಗದಗಳು? ಕೇಬಲ್ ಚಾನಲಿಗೆಂದು ನಾವು ಮಾಡಿದ ಗೊಂಬೆ ಚಿತ್ರದ ಜೀಪು ಕತ್ತರಿಸಿದ್ದು ಅದರ ಕೆಂಪು ಕಾಗದದಲ್ಲೇ. ಜೀಪು ಓಡಿಸುವ ಮುದುಕ ಬಟ್ಯನ ಬೋಳುತಲೆಗೆ ಯಾರದೋ ಗೃಹಪ್ರವೇಶದ ಹಳದಿ ಕಾರ್ಡು. ಚೂರು ಸರಿಸುವುದು, ಫೋಟೋ ತೆಗೆಯುವುದು, ಮತ್ತೆ ಚೂರು ಸರಿಸುವುದು. ಒಂದು ಸೆಕೆಂಡಿಗೆ ಹನ್ನೆರಡು ಫೋಟೋ. ಬಟ್ಯ ಒಮ್ಮೆ ಮೂಗು ಒರೆಸಿಕೊಳ್ಳಲು ನನಗೆ ಅರ್ಧ ದಿನ ಬೇಕು. ಪ್ರತಿ ಗೊಂಬೆಯ ಹಿಂದೆ ಇಬ್ಬರೂ ಹೆಸರು ಬರೆಯದೆ ಕ್ಯಾಮೆರಾದ ಕೆಳಗೆ ಇಡಬಾರದು ಎಂದು ನಿಯಮ ಮಾಡಿದವಳು ನೀನು. ಒಬ್ಬಳು ಬರೆಯದಿದ್ದರೆ ಇನ್ನೊಬ್ಬಳೂ ಇಲ್ಲ ಎಂದಿದ್ದೆ.

ಕತೆ ನಿನ್ನದು, ಬಟ್ಯನ ಮಾತೂ ನಿನ್ನದು. ಹೆಂಗಸು ಮುದುಕನ ಧ್ವನಿಯಲ್ಲಿ ಮಾತಾಡುತ್ತಾಳೆ ಎಂದು ಕೇಬಲ್ ಚಾನಲಿನವರೇ ಬಾಯಿಗೆ ಕೈ ಇಟ್ಟುಕೊಂಡಿದ್ದರು. ಆಮೇಲೆ ಶಾಲೆ ಶಾಲೆಗೆ ಕರೆಯಲು ಶುರು ಮಾಡಿದರಲ್ಲ, ಅಲ್ಲಿಂದ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಹೌದು, ಹೊಟ್ಟೆಕಿಚ್ಚೇ, ಬೇರೆ ಚಂದದ ಹೆಸರು ಕೊಡುವುದಿಲ್ಲ. ಮಕ್ಕಳೆಲ್ಲ ನಿನ್ನನ್ನು ಸುತ್ತಿಕೊಂಡು, "ಬಟ್ಯನ ಹಾಗೆ ಹೇಳಿ" ಎನ್ನುತ್ತಿದ್ದವು. ನೀನು, "ಕೂತ್ಕೊಳ್ಳಿ ಮಾರಾಯ್ರೆ, ಜೀಪಿಗೆ ಮನಸ್ಸು ಬಂದ್ರೆ ಹೋಗುವ" ಎಂದರೆ ಸಾಕು, ಹಂಚು ಹಾರುವಷ್ಟು ಚಪ್ಪಾಳೆ. ನಾನು ನಿನ್ನ ಬ್ಯಾಗು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ಕುಂಬ್ಡಾಜೆಯ ಒಬ್ಬ ಮಾಸ್ಟ್ರು ನನ್ನನ್ನು ನಿನ್ನ ಅಡಿಗೆಯವಳೋ ಎಂದು ಕೇಳಿದರು. ನೀನು ಮನೆಯವರೆಗೂ ಅದನ್ನು ನೆನೆಸಿ ನಕ್ಕೆ. ನಾನೂ ನಕ್ಕೆ, ಆದರೆ ಆ ರಾತ್ರಿ ಊಟ ಬಿಟ್ಟು ಮಲಗಿದೆ.

ಮತ್ತೆ ಮಂಗಳೂರಿನಿಂದ ವಿಜೇತ್ ಬಂದ. ನಿಜವಾದ ಮನುಷ್ಯರನ್ನು, ನಿಜವಾದ ಜೀಪನ್ನು ಇಟ್ಟು ಸಿನಿಮಾ ಮಾಡುತ್ತೇನೆ ಎಂದ. ನಾವಿಬ್ಬರೂ ಕರಾರಿಗೆ ಸಹಿ ಹಾಕಿದೆವು, ಜೀಪು ಹೇಗಿರಬೇಕೆಂಬ ಅಂದಾಜಿಗೆಂದು ಆತ ನಮ್ಮ ಕಾಗದದ ಜೀಪನ್ನು ತೆಗೆದುಕೊಂಡು ಹೋದ. ನಿನಗೆ ಸಂತೋಷವೋ ಸಂತೋಷ. ನನಗೆ ಮಾತ್ರ ಅವತ್ತೇ ಒಂದು ಲೆಕ್ಕ ಹೊಳೆದಿತ್ತು. ನಿಜವಾದ ಮನುಷ್ಯರಿಗೆ ನಿನ್ನ ಮಾತು ಬೇಕು. ನನ್ನ ಕತ್ತರಿ ಯಾರಿಗೆ ಬೇಕು? ಮೂರು ಸಲ ಚರ್ಚೆಗೆ ಹೋದೆವಲ್ಲ, ಮೂರು ಸಲವೂ ಆತ ಮಾತಾಡಿದ್ದು ನಿನ್ನ ಮುಖ ನೋಡಿ. ನನ್ನನ್ನು ಕೇಳಿದ ಒಂದೇ ಪ್ರಶ್ನೆ, ಚಹಾಕ್ಕೆ ಸಕ್ಕರೆ ಹಾಕಬಹುದಾ ಎಂದು.

ಕಂಪ್ಯೂಟರಿನ ಹತ್ತಿರ ನೀನು ಸುಳಿಯುವವಳಲ್ಲ. ಇಬ್ಬರಿಗೂ ಇದ್ದದ್ದು ಒಂದೇ ಮೇಲ್, ತೆರೆಯುವವಳು ನಾನು. ಕಳೆದ ವರ್ಷ ಜುಲೈಯಲ್ಲಿ ವಿಜೇತನ ಮೇಲ್ ಬಂತು. ನಾನು ಓದಿ ನಿನಗೆ ಹೇಳಿದೆ, "ಬಟ್ಯನನ್ನು ಇಪ್ಪತ್ತೈದರ ಹುಡುಗ ಮಾಡ್ತಾರಂತೆ, ಒಂದು ಲವ್ವೂ ಉಂಟಂತೆ." ನಿನ್ನ ಮುಖ ಕೆಂಪಾಯಿತು. ನಿನ್ನ ಕೋಪ ಗೊತ್ತಲ್ಲ, ಹಾಲು ಉಕ್ಕಿದ ಹಾಗೆ. ಅಲ್ಲೇ ಆತನಿಗೆ ಫೋನು ಮಾಡಿ, ಅವನಿಗೆ ಬಾಯಿ ತೆರೆಯಲಿಕ್ಕೂ ಬಿಡದೆ ಬೈದು ಇಟ್ಟೆ. ಆಮೇಲೆ ಅವನ ಕರೆ ತೆಗೆಯಲೇ ಇಲ್ಲ. ಸೃಷ್ಟಿಕರ್ತೆಯರಿಬ್ಬರೂ ಸಿನಿಮಾದಿಂದ ಹೊರಕ್ಕೆ ಎಂದು ಪೇಪರಿನಲ್ಲಿ ಬಂತು. ನಿಜ ಹೇಳಲಾ? ಆ ಪೇಪರನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಫೋಟೋದಲ್ಲಿ ನಾನು ಮೊದಲ ಸಲ ನಿನ್ನಷ್ಟೇ ದೊಡ್ಡದಾಗಿ ಕಾಣುತ್ತೇನೆ.

ಹಕ್ಕು ಅವರ ಕೈಯಲ್ಲಿ ಇತ್ತು, ಸಿನಿಮಾ ನಿಲ್ಲಲಿಲ್ಲ. ನೀನು ಮುಳ್ಳೇರಿಯದಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಬಟ್ಯನ ಧ್ವನಿ ತೆಗೆ ಎಂದು ಯಾರಾದರೂ ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತೀಯಂತೆ. ಸಫ್ನಾ ಇದನ್ನು ಹೇಳಿದಾಗ ನಾನು ಸೆರಗು ಸರಿಮಾಡಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಈಗ ಸಿನಿಮಾದ ವಿಷಯ. ಬಟ್ಯ ಹುಡುಗನಲ್ಲ ಶಮೀನಾ. ಎಪ್ಪತ್ತರ ಮುದುಕ, ತಲೆ ಬೋಳು, ಥೇಟ್ ನಮ್ಮವನೇ. ಲವ್ವು ಗಿವ್ವು ಒಂದೂ ಇಲ್ಲ. ಆದರೆ ಮಾತು ಸಪ್ಪೆ, ಉಪ್ಪು ಹಾಕದ ಗಂಜಿ. ನೀನು ಬರೆಯಬೇಕಿತ್ತು. ಮಕ್ಕಳು ಒಂದು ಸಲವೂ ಚಪ್ಪಾಳೆ ತಟ್ಟಲಿಲ್ಲ, ಆರಂಭದಲ್ಲಿ ಒಮ್ಮೆ ಬಿಟ್ಟರೆ. ಆರಂಭದಲ್ಲಿ ಬಂದದ್ದು ನಮ್ಮ ಕಾಗದದ ಜೀಪು! ಹಿಂದಿನ ಹಾಗೆಯೇ ಗುಡ್ಡ ಹತ್ತಿ, ಮಗುಚಿ ಬಿತ್ತು. ಟೀವಿಯಲ್ಲಿ ಯಾರಿಗೂ ಕಾಣದಿದ್ದದ್ದು ಆ ದೊಡ್ಡ ಪರದೆಯಲ್ಲಿ ಕಂಡಿತು. ಜೀಪಿನ ಅಡಿಯಲ್ಲಿ ಬಾಲ್ ಪೆನ್ನಿನಲ್ಲಿ ಬರೆದ ಎರಡು ಹೆಸರು, ಆಳೆತ್ತರ. ನಿನ್ನದು ಓರೆ, ನನ್ನದು ನೆಟ್ಟಗೆ. ನಾನು ಸೀಟಿನಲ್ಲಿ ಕೂತೇ ಅತ್ತೆ. ಪಕ್ಕದ ಹೆಂಗಸು ಕರ್ಚೀಫು ಕೊಟ್ಟರು.

ಉಮ್ಮನಿಗೆ ನನ್ನ ಸಲಾಂ ಹೇಳು, ಡಬ್ಬಿ ಜೋಪಾನವಾಗಿ ಉಂಟು ಎನ್ನು. ನಿನ್ನ ಅಂಗಡಿಗೆ ಗಿರಾಕಿ ತುಂಬಲಿ, ಕಣ್ಣು ಚೆನ್ನಾಗಿರಲಿ, ಗಂಟಲು ಎಲ್ಲಕ್ಕಿಂತ ಚೆನ್ನಾಗಿರಲಿ. ಇದು ಹಿರಿಯಳ ಆಶೀರ್ವಾದ, ಯೋಗ್ಯತೆ ಇದೆಯೋ ಇಲ್ಲವೋ.

ನಿನ್ನ
ಪರಮೇಶ್ವರಿಯಕ್ಕ

ಮತ್ತೆ: ಲಕೋಟೆ ಅಂಟಿಸಿದ್ದೆ, ಪುನಃ ಬಿಡಿಸಿದೆ. ವಿಜೇತನ ಆ ಮೇಲನ್ನು ನಾನು ಪೂರ್ತಿ ಓದಲಿಲ್ಲ. 'ಸಂಭಾಷಣೆ ಪೂರ್ತಿ ಶಮೀನಕ್ಕನದೇ' ಎಂಬ ಮೊದಲ ಸಾಲು ಕಂಡದ್ದೇ ಕಣ್ಣು ಉರಿದು ಅಳಿಸಿಹಾಕಿದೆ. ಹುಡುಗ ಬಟ್ಯ, ಲವ್ವು, ಎಲ್ಲ ನಾನು ಕಟ್ಟಿದ ಸುಳ್ಳು. ಮೊನ್ನೆ ಥಿಯೇಟರಿನ ಹೊರಗೆ ವಿಜೇತ್ ಸಿಕ್ಕಿದ. "ನೀವು ಬಿಟ್ಟು ಹೋದ್ರೂ ಶಮೀನಕ್ಕನ ಶರತ್ತು ನಾವು ಬಿಡ್ಲಿಲ್ಲ" ಎಂದ. ಎಂತ ಶರತ್ತು ಎಂದು ಕೇಳಿದೆ. ಫೋನಿನಲ್ಲಿ ಅದೇ ಮೇಲ್ ತೆಗೆದು ತೋರಿಸಿದ. ಎರಡನೇ ಸಾಲಿನಲ್ಲಿತ್ತು: 'ಶಮೀನಕ್ಕ ಕೇಳಿಕೊಂಡಂತೆ ಸಿನಿಮಾ ಪರಮೇಶ್ವರಿಯಕ್ಕನ ಕಾಗದದ ಚಿತ್ರದಿಂದಲೇ ಶುರುವಾಗುತ್ತದೆ. ಅದಿಲ್ಲದಿದ್ದರೆ ಒಂದಕ್ಷರವೂ ಬರೆಯುವುದಿಲ್ಲ ಎಂದಿದ್ದಾರೆ.'

ಆ ದಿನ ನೀನು ಫೋನು ಎತ್ತುವ ಮೊದಲು ಮೂರು ಸಲ ಕೇಳಿದ್ದೆ, "ಬೇರೆ ಎಂತದೂ ಬರೆದಿಲ್ವಾ ಅಕ್ಕಾ?" ಎಂದು. ಮೂರು ಸಲವೂ ನಾನು ಇಲ್ಲ ಎಂದೆ.